ವಿಮಾನ ಬಂದೊಡನೆ ನೆಲದ ಆಟ ಕುಸಿಯುವುದೇಕೆ: ಆರ್ಮಾ 3 ತಂಡ ಕದನಗಳಿಗೊಂದು ದೋಷ ನಿವಾರಣೆ ಕೈಪಿಡಿ

ದೋಷದ ಸ್ವರೂಪ

ಆರ್ಮಾ 3 ಎಂಬ ಸೈನಿಕ ಕದನದ ಕಂಪ್ಯೂಟರ್ ಆಟದಲ್ಲಿ ದಿನ, ವೇಳೆ ಮೊದಲೇ ಗೊತ್ತುಮಾಡಿಕೊಂಡು ಎರಡು ತಂಡಗಳ ನಡುವೆ ಆನ್‌ಲೈನ್ ಕದನ ನಡೆಸುವ ಆಯೋಜಕರಿಗಾಗಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಉತ್ತರ ಕನ್ನಡದ ನಮ್ಮ ಬಳಗದಲ್ಲಿ ತಂಡಗಳನ್ನು ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದೇ ವಿಂಗಡಿಸುವ ರೂಢಿಯಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಟಗಾರರು ಒಂದು ಬದಿಗೆ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಮತ್ತೊಂದು ಬದಿಗೆ. ಕಾಲಾಳು, ಟ್ರಕ್ಕು ಮತ್ತು ಕವಚದ ವಾಹನಗಳಷ್ಟೇ ಇರುವ ಕದನಗಳು ಹೆಚ್ಚಿನ ತಕರಾರಿಲ್ಲದೆ ಮುಗಿಯುತ್ತವೆ. ನೆಲದ ಮೇಲೆ ದಾಳಿ ಮಾಡಬಲ್ಲ ವಿಮಾನವನ್ನು ಮಿಷನ್‌ಗೆ, ಅಂದರೆ ಆಯೋಜಕರು ರಚಿಸಿದ ಕದನದ ಸನ್ನಿವೇಶಕ್ಕೆ, ಸೇರಿಸಿದಾಗ ಮಾತ್ರ ಒಂದೇ ಬಗೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮೊದಲರ್ಧದಲ್ಲಿ ಊರಿನ ಬೀದಿಬೀದಿಗೂ ಚೆನ್ನಾಗಿ ಕಾದಾಡುತ್ತಿದ್ದ ನೆಲದ ಪಡೆ, ವಿಮಾನ ಒಂದೆರಡು ಸುತ್ತು ಬಂದುಹೋದ ಮೇಲೆ ಮನೆಗಳೊಳಗೆ ಸೇರಿಕೊಂಡು ಹೊರಗೆ ಕಾಲಿಡುವುದನ್ನೇ ಬಿಡುತ್ತದೆ. ಕೆಲವರು ನೆಟ್‌ವರ್ಕ್ ನೆಪ ಹೇಳಿ ಆಟದಿಂದ ಹೊರಬೀಳುತ್ತಾರೆ. ಮುಂದಿನ ವಾರದ ಪಟ್ಟಿಯಲ್ಲಿ ಕಾಲಾಳುಗಳ ಹೆಸರು ಕಡಿಮೆಯಾಗಿ ಪೈಲಟ್ ಆಗಬಯಸುವವರ ಹೆಸರು ಹೆಚ್ಚಾಗುತ್ತದೆ.

ಆಗ ಬರುವ ಬೇಡಿಕೆ ಒಂದೇ: ವಿಮಾನ ತೆಗೆದುಬಿಡಿ. ಪೈಲಟ್‌ಗಳ ಉತ್ತರವೂ ಒಂದೇ: ನೆಲದವರಿಗೆ ಆಡಲು ಬರುವುದಿಲ್ಲ. ಇವೆರಡರಲ್ಲಿ ಒಂದನ್ನು ಒಪ್ಪಿಕೊಂಡು ತೀರ್ಪು ಕೊಡುವುದು ಆಯೋಜಕರಿಗೆ ಸುಲಭವಾದರೂ ದೋಷ ಇರುವುದು ಬಹುಪಾಲು ಬೇರೆ ಕಡೆ. ವಿಮಾನದ ಹೊಡೆತ ಎಷ್ಟು ಬಲವಾದದ್ದು ಎನ್ನುವುದಕ್ಕಿಂತ ಅದು ಎಷ್ಟು ಬೇಗ ಮರಳಿ ಬರುತ್ತದೆ ಮತ್ತು ಅದು ಬರುತ್ತಿರುವುದು ನೆಲದವರಿಗೆ ಎಷ್ಟು ಮುಂಚೆ ತಿಳಿಯುತ್ತದೆ ಎಂಬ ಎರಡು ಸಂಗತಿಗಳೇ ಸಮತೋಲವನ್ನು ನಿರ್ಧರಿಸುತ್ತವೆ. ಮುಂದಿನ ಪರೀಕ್ಷೆಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ನಡೆಸಬೇಕು, ಮತ್ತು ಒಂದು ಕದನಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರೂ ಹೇಳಲಾರರು.

ಮೊದಲು ದೂರನ್ನು ಅಳೆಯುವುದು

ಕದನ ಮುಗಿದ ಮೇಲೆ ಯಾರು, ಎಲ್ಲಿ, ಯಾವ ಆಯುಧದಿಂದ ಸತ್ತರು ಎಂಬುದನ್ನು ಲೆಕ್ಕ ಹಾಕಬೇಕು. ಇದಕ್ಕೆ ಓಕ್ಯಾಪ್‌ನಂಥ ಕದನ ಮುದ್ರಿಸಿಕೊಳ್ಳುವ ಸಾಧನ ಸರ್ವರ್‌ನಲ್ಲಿದ್ದರೆ ನಕ್ಷೆಯ ಮೇಲೆ ಎಲ್ಲರ ಚಲನೆಯನ್ನೂ ಮತ್ತೆ ಓಡಿಸಿ ನೋಡಬಹುದು. ಅದಿಲ್ಲದಿದ್ದರೆ ಆಟದಲ್ಲಿಲ್ಲದ ಒಬ್ಬರನ್ನು ಪ್ರೇಕ್ಷಕರಾಗಿ ಕೂರಿಸಿ, ವಿಮಾನದ ಪ್ರತಿ ದಾಳಿಯ ವೇಳೆಯನ್ನು ಕಾಗದದ ಮೇಲೆ ಬರೆಸಿಕೊಂಡರೆ ಸಾಕು.

ಈ ಲೆಕ್ಕ ನೋಡಿದಾಗ ಆಯೋಜಕರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ವಿಮಾನದಿಂದ ಸತ್ತವರು ಕೆಲವೇ ಮಂದಿ, ಉಳಿದವರೆಲ್ಲ ರೈಫಲ್, ಮಷಿನ್‌ಗನ್ ಗುಂಡಿಗೆ ಬಿದ್ದವರು, ಆದ್ದರಿಂದ ದೂರಿನಲ್ಲಿ ಹುರುಳಿಲ್ಲ ಎಂದುಕೊಳ್ಳುತ್ತಾರೆ. ಆದರೆ ಓಕ್ಯಾಪ್‌ನಲ್ಲಿ ಚಲನೆಯನ್ನು ಗಮನಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ವಿಮಾನ ಮೇಲಿರುವಷ್ಟು ಹೊತ್ತೂ ಒಂದು ಬದಿಯ ಚುಕ್ಕೆಗಳು ನಿಂತಲ್ಲೇ ನಿಂತಿರುತ್ತವೆ, ಎದುರು ಬದಿಯ ಚುಕ್ಕೆಗಳು ಅವುಗಳನ್ನು ಸುತ್ತುವರಿಯುತ್ತವೆ, ಆಮೇಲೆ ಸಾವುಗಳು ಬರುತ್ತವೆ. ಗುಂಡು ರೈಫಲ್‌ನದಾದರೂ ಅವರನ್ನು ಕಟ್ಟಿಹಾಕಿದ್ದು ವಿಮಾನ. ಆದ್ದರಿಂದ ವಿಮಾನದ ಪರಿಣಾಮವನ್ನು ಕೊಂದವರ ಸಂಖ್ಯೆಯಿಂದ ಅಳೆಯದೆ, ನೆಲದ ಪಡೆ ಚಲಿಸದೆ ಕಳೆದ ನಿಮಿಷಗಳಿಂದ ಅಳೆಯಬೇಕು.

ಲ್ಯಾಗ್ ಮತ್ತು ಸರ್ವರ್

ನಿಯಮ ಬದಲಿಸುವ ಮೊದಲು ಲ್ಯಾಗ್, ಅಂದರೆ ಸಂಪರ್ಕದ ವಿಳಂಬದಂಥ ತಾಂತ್ರಿಕ ದೋಷವನ್ನು ಬೇರ್ಪಡಿಸಬೇಕು. ಆರ್ಮಾದಲ್ಲಿ ವಾಹನವೊಂದರ ಚಲನೆಯ ಲೆಕ್ಕಾಚಾರ ಅದನ್ನು ಓಡಿಸುತ್ತಿರುವವರ ಕಂಪ್ಯೂಟರಿನಲ್ಲೇ ನಡೆದು, ಉಳಿದವರಿಗೆ ಸರ್ವರ್ ಮೂಲಕ ತಲುಪುತ್ತದೆ. ಹೀಗಾಗಿ ಪೈಲಟ್‌ನ ಸಂಪರ್ಕ ಕುಂಟುತ್ತಿದ್ದರೆ ಅವನ ವಿಮಾನ ಉಳಿದವರ ಪರದೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ವಿಮಾನ ನಿರೋಧಕ ತೋಪಿನವನು ಸರಿಯಾಗಿ ಗುರಿ ಹಿಡಿದು ಹೊಡೆದರೂ ಗುಂಡು ಖಾಲಿ ಆಕಾಶಕ್ಕೆ ಹೋಗುತ್ತದೆ. ನೆಲದವರ ಕಣ್ಣಿಗೆ ಅದು ಅಜೇಯ ವಿಮಾನ. ವಾಸ್ತವದಲ್ಲಿ ಅದು ಕೆಟ್ಟ ನೆಟ್‌ವರ್ಕ್.

ಪರೀಕ್ಷೆ ಸರಳವಾಗಿದೆ. ಅದೇ ಮಿಷನ್‌ನಲ್ಲಿ ಪೈಲಟ್‌ನನ್ನು ಮಾತ್ರ ಬದಲಿಸಿ, ಸ್ಥಿರವಾದ ಫೈಬರ್ ಸಂಪರ್ಕವಿರುವ ಒಬ್ಬರನ್ನು ಕೂರಿಸಬೇಕು. ದೂರು ಥಟ್ಟನೆ ಇಳಿದರೆ ದೋಷ ಸಂಪರ್ಕದ್ದು. ಮಳೆಗಾಲದಲ್ಲಿ ಇದನ್ನು ಮೊದಲ ಶಂಕೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಘಟ್ಟದ ರಸ್ತೆಯಲ್ಲಿ ಮರ ಬಿದ್ದು ಕೇಬಲ್ ತುಂಡಾದಾಗ ತೋಟದ ಮನೆಗಳ ಆಟಗಾರರು ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಗುತ್ತಾರೆ, ಮತ್ತು ಆಗ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿಬರಲು ಹಿಡಿಯುವ ಸಮಯ) ಹೆಚ್ಚುವುದಷ್ಟೇ ಅಲ್ಲ, ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಒಂದೇ ಸಮನಾದ ಹೆಚ್ಚಿನ ಪಿಂಗ್ ಸಹ್ಯ, ಏರಿಳಿಯುವ ಪಿಂಗ್ ಅಸಹ್ಯ. ಹಾಟ್‌ಸ್ಪಾಟ್‌ನಲ್ಲಿರುವವರಿಗೆ ಆ ದಿನ ಪೈಲಟ್ ಸ್ಥಾನ ಕೊಡಬಾರದು ಎಂಬ ನಿಯಮವನ್ನು ಯಾರ ಮೇಲೂ ಮುನಿಸಿಲ್ಲದೆ ಮೊದಲೇ ಬರೆದಿಟ್ಟುಕೊಂಡರೆ ಕದನದ ಹೊತ್ತಿನಲ್ಲಿ ಜಗಳ ತಪ್ಪುತ್ತದೆ.

ಸರ್ವರ್‌ನ ಸ್ಥಿತಿ ತಿಳಿಯಲು ಅಡ್ಮಿನ್ ಆಗಿ ಲಾಗಿನ್ ಮಾಡಿ ಮಾನಿಟರ್ ಆದೇಶ ಕೊಟ್ಟರೆ ಅದರ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಅದು ಎಷ್ಟು ಬಾರಿ ಆಟದ ಲೆಕ್ಕ ಮಾಡುತ್ತದೆ ಎಂಬುದನ್ನು ತೋರಿಸುತ್ತದೆ. ಪ್ರತ್ಯೇಕ ಸರ್ವರ್‌ನಲ್ಲಿ ಅದರ ಗರಿಷ್ಠ ಮಿತಿ ಸಾಮಾನ್ಯವಾಗಿ 50. ಅದು 20ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತಿದ್ದರೆ ಸಮತೋಲದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ, ಎಐ (ಕಂಪ್ಯೂಟರೇ ನಡೆಸುವ) ಸೈನಿಕರ ಸಂಖ್ಯೆಯನ್ನು ತಗ್ಗಿಸಬೇಕು ಅಥವಾ ಅವರ ಲೆಕ್ಕಾಚಾರವನ್ನು ಹೆಡ್‌ಲೆಸ್ ಕ್ಲೈಂಟ್‌ಗೆ, ಅಂದರೆ ಆಟಗಾರನಿಲ್ಲದೆ ಈ ಕೆಲಸಕ್ಕೆಂದೇ ಸೇರಿಸಿದ ಪ್ರತ್ಯೇಕ ಸಂಪರ್ಕಕ್ಕೆ, ವರ್ಗಾಯಿಸಬೇಕು.

ನೋಟದ ದೂರ

ನಮ್ಮ ಅನುಭವದಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಕಾರಣ ಇದು. ಆರ್ಮಾ 3ರ ಚಿತ್ರ ಆಯ್ಕೆಗಳಲ್ಲಿ ಒಟ್ಟಾರೆ ನೋಟದ ದೂರ ಮತ್ತು ವಸ್ತುಗಳ ನೋಟದ ದೂರ ಎಂದು ಎರಡು ಬೇರೆ ಬೇರೆ ಮಿತಿಗಳಿವೆ. ಎಳೆದರೆ 12,000 ಮೀಟರ್‌ವರೆಗೂ ಹೋಗುತ್ತವೆ. ಕಾಲಾಳಾಗಿ ಆಡುವವರು, ಅದರಲ್ಲೂ ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಆಡುವವರು, ಆಟ ತಡವರಿಸದಿರಲೆಂದು ವಸ್ತುಗಳ ದೂರವನ್ನು 1,600 ಮೀಟರ್ ಆಸುಪಾಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಗಂಟೆಗೆ 600 ಕಿ.ಮೀ. ವೇಗದ ವಿಮಾನ ಸೆಕೆಂಡಿಗೆ ಸುಮಾರು 167 ಮೀಟರ್ ಕ್ರಮಿಸುತ್ತದೆ. ಅಂದರೆ ಈ ಸೈನಿಕನ ಪರದೆಯ ಮೇಲೆ ವಿಮಾನ ಮೂಡಿದ ಕ್ಷಣದಿಂದ ಅದು ಅವನ ತಲೆಯ ಮೇಲೆ ಬರುವವರೆಗೆ ಹತ್ತು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಟೈಟನ್ ಎಂಬ ವಿಮಾನ ನಿರೋಧಕ ಕ್ಷಿಪಣಿಯನ್ನು ಹೆಗಲಿಗೇರಿಸಿ, ಗುರಿ ಲಾಕ್ ಆಗುವವರೆಗೆ ಹಿಡಿದು, ಹೊಡೆಯುವುದು ನುರಿತವರಿಗೂ ಕಷ್ಟ. ಅದೇ ದೂರವನ್ನು 4,000 ಮೀಟರ್‌ಗೆ ಏರಿಸಿದರೆ 24 ಸೆಕೆಂಡು ಸಿಗುತ್ತದೆ. ಆಯುಧ ಬದಲಾಗಿಲ್ಲ, ಆಟಗಾರ ಬದಲಾಗಿಲ್ಲ, ಕದನ ಮಾತ್ರ ಬದಲಾಗುತ್ತದೆ.

ಪರಿಹಾರವಾಗಿ, ವಿಮಾನ ನಿರೋಧಕ ಹೊಣೆ ಹೊತ್ತವರ ನೋಟದ ದೂರವನ್ನು ಏರಿಸಬೇಕು ಮತ್ತು ಆ ಹೊಣೆಯನ್ನು ಅದನ್ನು ತಾಳಬಲ್ಲ ಕಂಪ್ಯೂಟರ್ ಇರುವವರಿಗೇ ಕೊಡಬೇಕು. ಹಾಗೆ ಮಾಡಲು ಯಾರೂ ಸಿಗದಿದ್ದರೆ ಮಿಷನ್ ಸ್ಕ್ರಿಪ್ಟ್‌ನಲ್ಲಿ ಪೈಲಟ್‌ಗಳ ನೋಟದ ದೂರಕ್ಕೇ ಮಿತಿ ಹಾಕಬಹುದು, ಅಥವಾ ಹವಾಮಾನದಲ್ಲಿ ಮೋಡ, ಮಂಜು ಹೆಚ್ಚಿಸಿ ಆಷಾಢದ ದೇವಿಮನೆ ಘಟ್ಟದಂತೆ ಆಕಾಶವನ್ನು ಮುಚ್ಚಬಹುದು.

ನೆಲದವರಿಗೆ ತಿಳಿಹೇಳಬೇಕಾದ ಇನ್ನೊಂದು ವಿಷಯವಿದೆ. ಆಟದಲ್ಲಿ ಹುಲ್ಲು ನೋಡುವವನ ಹತ್ತಿರದ ಅಂತರದಲ್ಲಿ ಮಾತ್ರ ಚಿತ್ರಿತವಾಗುತ್ತದೆ. ಎದೆಮಟ್ಟದ ಹುಲ್ಲಿನಲ್ಲಿ ಬೋರಲಾಗಿ ಮಲಗಿದ ಸೈನಿಕ ತಾನು ಅಡಗಿದ್ದೇನೆಂದು ನಂಬಿರುತ್ತಾನೆ. ಮೇಲಿನಿಂದ ನೋಡುವ ಪೈಲಟ್‌ಗೆ ಅಲ್ಲಿ ಬರಿಯ ನೆಲ ಮತ್ತು ಅದರ ಮೇಲೊಬ್ಬ ಮನುಷ್ಯ ಕಾಣುತ್ತಾರೆ. ಮರ, ಕಟ್ಟಡ, ಬಂಡೆಗಳೇ ನಿಜವಾದ ಆಸರೆ. ವಿಮಾನದ ಗುರಿ ಸಾಧನದಲ್ಲಿ ಶಾಖದೃಷ್ಟಿ ಇದ್ದರಂತೂ ರಾತ್ರಿಯೂ ಅಡಗಲಾಗದು. ಅದನ್ನು ವಾಹನವಾರು ನಿಷ್ಕ್ರಿಯಗೊಳಿಸುವ ಸೌಲಭ್ಯ ಮಿಷನ್ ರಚಿಸುವವರಿಗಿದೆ, ಮತ್ತು ಮನುಷ್ಯರ ನಡುವಿನ ಕದನಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಿಯೇ ಆರಂಭಿಸುವುದು ಲೇಸು.

ವಿಮಾನ ನಿರೋಧಕ ವ್ಯವಸ್ಥೆ

ನೆಲದವರ ಬಳಿ ವಿಮಾನ ನಿರೋಧಕ ಆಯುಧ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರ ಬರುತ್ತದೆ. ಅದು ಎಲ್ಲಿದೆ, ಯಾರ ಕೈಯಲ್ಲಿದೆ, ಚಾಲೂ ಇದೆಯೇ ಎಂಬುದು ಮುಂದಿನ ಪ್ರಶ್ನೆ. 2017ರಲ್ಲಿ ಜೆಟ್ಸ್ ವಿಸ್ತರಣೆಯ ಜೊತೆಗೆ ಬಂದ ಪರಿಷ್ಕರಣೆಯಿಂದ ಆರ್ಮಾ 3ರ ಸೆನ್ಸರ್ ವ್ಯವಸ್ಥೆ ಪೂರ್ತಿ ಬದಲಾಗಿದೆ. ಟೈಗ್ರಿಸ್, ಚೀತಾ ಮುಂತಾದ ನಿರೋಧಕ ವಾಹನಗಳ ರೇಡಾರನ್ನು ಒಳಗೆ ಕುಳಿತವರು ಚಾಲೂ ಮಾಡಬೇಕು. ಚಾಲೂ ಮಾಡಿದರೆ ದೂರದ ವಿಮಾನ ಕಾಣುತ್ತದೆ, ಆದರೆ ಅದರ ಅಲೆಗಳಿಂದ ಪೈಲಟ್‌ಗೂ ಎಚ್ಚರಿಕೆ ಸಿಗುತ್ತದೆ. ಹೊಸಬರು ರೇಡಾರನ್ನು ಆರಿಸಿಯೇ ಇಟ್ಟು, ವಿಮಾನ ಕಾಣಲೇ ಇಲ್ಲ ಎನ್ನುತ್ತಾರೆ. ಡೇಟಾ ಲಿಂಕ್ ಕೂಡ ಇದೇ ರೀತಿ: ಒಂದು ವಾಹನ ಕಂಡದ್ದನ್ನು ಇನ್ನೊಂದಕ್ಕೆ ಕಳಿಸುವ, ಸ್ವೀಕರಿಸುವ ಗುರುತುಗಳು ಮಿಷನ್ ರಚಿಸುವ ಎಡಿಟರ್‌ನಲ್ಲಿ ಪ್ರತಿ ವಾಹನಕ್ಕೂ ಬೇರೆಯಾಗಿರುವುದರಿಂದ ಎರಡನ್ನೂ ಪರಿಶೀಲಿಸಬೇಕು.

ಒಂದೇ ನಿರೋಧಕ ವಾಹನ ಕೊಟ್ಟು ಸಮತೋಲವಾಯಿತೆಂದು ಭಾವಿಸುವುದು ಸಾಮಾನ್ಯ ದೋಷ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ನೌಕೆಯನ್ನು ನೋಡಿದವರು ಅದರ ಅವಳಿ ನಳಿಕೆಯ 30 ಮಿ.ಮೀ. ತೋಪುಗಳು ಒಂದು ಮುಂದೆ, ಒಂದು ಹಿಂದೆ ಇರುವುದನ್ನು ಗಮನಿಸಿರಬಹುದು. ನೌಕೆಯ ನಡುಭಾಗದ ಕಟ್ಟಡ ಒಂದು ತೋಪಿಗೆ ಮರೆಮಾಡುವ ದಿಕ್ಕನ್ನು ಇನ್ನೊಂದು ತೋಪು ಕಾಯುತ್ತದೆ. ಮಿಷನ್‌ನಲ್ಲಿಯೂ ಗುಡ್ಡ, ಕಟ್ಟಡಗಳ ಹಿಂದೆ ಕುರುಡು ದಿಕ್ಕು ಇದ್ದೇ ಇರುತ್ತದೆ. ಅನುಭವಿ ಪೈಲಟ್ ಒಂದೆರಡು ಸುತ್ತಿನಲ್ಲಿ ಅದನ್ನು ಕಂಡುಕೊಂಡು ಅಲ್ಲಿಂದಲೇ ಬರುತ್ತಾನೆ. ಒಂದು ಟೈಗ್ರಿಸ್‌ನ ಬದಲು, ಬೇರೆ ಬೇರೆ ದಿಕ್ಕಿನ ಎರಡು ಎತ್ತರಗಳ ಮೇಲೆ ಟೈಟನ್ ಹಿಡಿದ ಇಬ್ಬರು ಕಾಲಾಳುಗಳು ಹೆಚ್ಚು ಉಪಯುಕ್ತ. ಅವರು ಒಟ್ಟಿಗೆ ಹೊಡೆಯಬಾರದು. ಮೊದಲನೆಯವನ ಕ್ಷಿಪಣಿಗೆ ಪೈಲಟ್ ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಉರಿ) ಚೆಲ್ಲಿ ತಿರುಗಿಕೊಂಡ ಮೇಲೆ ಎರಡನೆಯವನು ಹೊಡೆಯಬೇಕು.

ಎಚ್ಚರಿಕೆಯ ಮಾತೂ ಈ ವ್ಯವಸ್ಥೆಯ ಭಾಗವೇ. ಆಟದೊಳಗಿನ ಮಾತುಕತೆಗೆ ಟಾಸ್ಕ್ ಫೋರ್ಸ್ ರೇಡಿಯೊ ಎಂಬ ಸೇರ್ಪಡೆಯನ್ನು ಬಳಸುವ ತಂಡಗಳಲ್ಲಿ ಪ್ರತಿ ತುಕಡಿ ತನ್ನದೇ ಚಾನೆಲ್‌ನಲ್ಲಿರುವುದರಿಂದ ಒಬ್ಬರು ಕಂಡ ವಿಮಾನ ಪಕ್ಕದ ಬೀದಿಯವರಿಗೆ ತಿಳಿಯುವುದಿಲ್ಲ. ನಮ್ಮ ಮುದ್ರಿಕೆಗಳಲ್ಲಿ ಪದೇಪದೇ ಕೇಳಿಬರುವ ಎಚ್ಚರಿಕೆ ಇದು: “ಬಂತು ಮಾರಾಯಾ, ಮತ್ತೆ ಬಂತು!” ಎಲ್ಲಿಂದ, ಎತ್ತ, ಎಷ್ಟು ಎತ್ತರದಲ್ಲಿ ಎಂಬುದು ಅದರಲ್ಲಿಲ್ಲ. “ಈಶಾನ್ಯದಿಂದ ಒಂದು, ತಗ್ಗಿನಲ್ಲಿ, ಪೇಟೆಯ ಕಡೆಗೆ” ಎಂದು ಹೇಳಲು ಹೆಚ್ಚು ಹೊತ್ತು ಬೇಕಿಲ್ಲ. ಎಲ್ಲ ತುಕಡಿಗಳಿಗೂ ಕೇಳುವ ಒಂದು ಸಾಮಾನ್ಯ ಚಾನೆಲ್ ಇಟ್ಟು, ಅದರಲ್ಲಿ ಈ ಕ್ರಮದಲ್ಲಿ ಮಾತ್ರ ಹೇಳತಕ್ಕದ್ದು ಎಂದು ಗೊತ್ತುಪಡಿಸಬೇಕು.

ಮರಳಿ ಬರುವ ಅವಧಿ

ಮೇಲಿನವೆಲ್ಲ ಸರಿಯಿದ್ದೂ ದೂರು ಉಳಿದಿದ್ದರೆ ಬಹುತೇಕ ಖಚಿತವಾಗಿ ದೋಷ ಇಲ್ಲಿದೆ. ಗಂಟೆಗೆ 600 ಕಿ.ಮೀ. ಎಂದರೆ ನಿಮಿಷಕ್ಕೆ 10 ಕಿ.ಮೀ. ವಿಮಾನ ನಿಲ್ದಾಣ ಕದನದ ಊರಿನಿಂದ 10 ಕಿ.ಮೀ. ದೂರದಲ್ಲಿದ್ದು, ರನ್‌ವೇ ತುದಿಯಲ್ಲೇ ಮದ್ದುಗುಂಡಿನ ಟ್ರಕ್ಕು ನಿಂತಿದ್ದರೆ, ಪೈಲಟ್ ಇಳಿದು, ತುಂಬಿಸಿಕೊಂಡು, ಮತ್ತೆ ಊರಿನ ಮೇಲೆ ಬರಲು ನಾಲ್ಕೈದು ನಿಮಿಷ ಸಾಕು. ಅತ್ತ, ಸತ್ತ ಕಾಲಾಳು ರೀಸ್ಪಾನ್ ಆಗಲು (ಮತ್ತೆ ಜೀವ ಪಡೆದು ಆಟಕ್ಕೆ ಮರಳಲು) ಕಾದು, ಗಂಟೆಗೆ 60 ಕಿ.ಮೀ. ವೇಗದ ಟ್ರಕ್ಕಿನಲ್ಲಿ 4 ಕಿ.ಮೀ. ಬರಲು ಕನಿಷ್ಠ ಅಷ್ಟೇ ನಿಮಿಷ ಬೇಕು. ಫಲವಾಗಿ ಅವನು ಊರಿನ ಅಂಚಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅದೇ ವಿಮಾನ ಅವನನ್ನು ಎದುರುಗೊಳ್ಳುತ್ತದೆ. ಬಡಗುತಿಟ್ಟಿನ ಆಟದಲ್ಲಿ ರಾಕ್ಷಸ ವೇಷ ಬೆಳಗಿನವರೆಗೂ ರಂಗದ ಮೇಲೇ ನಿಂತರೆ ಉಳಿದ ಪಾತ್ರಗಳಿಗೆ ಮಾತಾಡಲು ಎಡೆಯೆಲ್ಲಿ? ವಿಮಾನ ಭೀಕರವಾಗಿರಲಿ, ಆದರೆ ಬಂದು ಹೋಗುವಂತಿರಲಿ.

ನಾವು ಪಾಲಿಸುವ ಅಳತೆ ಹೀಗಿದೆ: ಒಂದು ತುಕಡಿ ರೀಸ್ಪಾನ್ ಆದ ಕ್ಷಣದಿಂದ ಊರೊಳಗೆ ಮೊದಲ ಆಸರೆ ಹಿಡಿಯುವವರೆಗೆ ಎಷ್ಟು ಹೊತ್ತು ಬೇಕೋ ಅದರ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ ವಿಮಾನದ ಎರಡು ದಾಳಿಗಳ ನಡುವೆ ಇರಬೇಕು. ಇದನ್ನು ಸಾಧಿಸಲು ಮದ್ದುಗುಂಡಿನ ಟ್ರಕ್ಕನ್ನು ರನ್‌ವೇಯಿಂದ ದೂರ ಸರಿಸುವುದು ಅತಿ ಸುಲಭದ ಉಪಾಯ. ಆಟದ ಆಲ್ಟಿಸ್ ದ್ವೀಪದ ನಕ್ಷೆಯಲ್ಲಾದರೆ ನಡುವಿನ ದೊಡ್ಡ ವಿಮಾನ ನಿಲ್ದಾಣದ ಬದಲು ಆಗ್ನೇಯದ ಸೆಲಕಾನೊ ಅಥವಾ ಈಶಾನ್ಯದ ಮೊಲೋಸ್ ಬಳಿಯ ಪಟ್ಟಿಯನ್ನು ನೆಲೆಯಾಗಿ ಕೊಡಬಹುದು. ಉರುಳಿದ ವಿಮಾನ ಮತ್ತೆ ಸಿಗುವ ಅವಧಿಯನ್ನು ವಾಹನ ರೀಸ್ಪಾನ್ ಮಾಡ್ಯೂಲ್‌ನಲ್ಲಿ ನೇರವಾಗಿ ಬರೆಯಬಹುದು.

ಇತರ ಆಟಗಳು ಇದೇ ಗಂಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿವೆ. ವಾರ್ ಥಂಡರ್‌ನ ನೆಲದ ರಿಯಲಿಸ್ಟಿಕ್ ಕದನಗಳಲ್ಲಿ ವಿಮಾನ ಏರಲು ಕದನದೊಳಗೇ ಅಂಕ ಗಳಿಸಿರಬೇಕು, ಬಾಂಬು ಕ್ಷಿಪಣಿ ಹೊತ್ತರೆ ಬೆಲೆ ಇನ್ನೂ ಏರುತ್ತದೆ. ಹೆಲ್ ಲೆಟ್ ಲೂಸ್‌ನಲ್ಲಿ ಆಟಗಾರರು ವಿಮಾನ ಹಾರಿಸುವುದೇ ಇಲ್ಲ; ದಳಪತಿ ಸಂಗ್ರಹಿಸಿದ ಸಂಪನ್ಮೂಲ ಖರ್ಚು ಮಾಡಿ ದಾಳಿಯನ್ನು ಕರೆಯುತ್ತಾನೆ. ಸ್ಕ್ವಾಡ್‌ನಲ್ಲಿ ಆಟಗಾರರ ಕೈಗೆ ಮುಖ್ಯವಾಗಿ ಸಿಗುವುದು ಸಾಗಾಟದ ಹೆಲಿಕಾಪ್ಟರ್. ಈ ಮೂರರಲ್ಲೂ ನೆಲದ ಆಟವೇ ವಿಮಾನವನ್ನು ಸಂಪಾದಿಸಿಕೊಡುತ್ತದೆ ಅಥವಾ ಮಿತಿಗೊಳಪಡಿಸುತ್ತದೆ. ಆರ್ಮಾದಲ್ಲಿ ಅಂಥ ಏರ್ಪಾಡು ತಾನಾಗಿ ಇಲ್ಲದಿರುವುದರಿಂದ ಆಯೋಜಕರೇ ಕಟ್ಟಬೇಕು. ಊರಿನ ಒಂದು ಗುರಿಸ್ಥಳ ವಶವಾದರೆ ಒಂದು ಹಾರಾಟ ಎಂಬ ಟ್ರಿಗರ್ (ಷರತ್ತು ಪೂರೈಸಿದಾಗ ತಾನಾಗಿ ಜಾರಿಯಾಗುವ ಏರ್ಪಾಡು) ನಮಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿಕೆಯಾಗಿದೆ, ಏಕೆಂದರೆ ಆಗ ಪೈಲಟ್ ಕೂಡ ಕಾಲಾಳುಗಳ ಗೆಲುವಿಗಾಗಿ ಕಾಯುತ್ತಾನೆ.

ಆಯುಧಗಳ ಹೊರೆ

ಆಯುಧ ಕಡಿತಕ್ಕೆ ಕೊನೆಯಲ್ಲಿ ಬರಬೇಕು, ಮತ್ತು ಸಂಖ್ಯೆಯನ್ನಲ್ಲ, ಜಾತಿಯನ್ನು ಬದಲಿಸಬೇಕು. ಆಟದ ವೈಪ್‌ಔಟ್ ಎಂಬ ದಾಳಿ ವಿಮಾನದ ಮೇಸರ್ ಕ್ಷಿಪಣಿ, ಜಿಬಿಯು-12 ಬಾಂಬುಗಳು ಮಾರ್ಗದರ್ಶಿತವಾದವು. ಅವುಗಳಿಂದ ಪೈಲಟ್ ನಿರೋಧಕ ಆಯುಧಗಳ ಅಳವಿನ ಹೊರಗಿನಿಂದಲೇ ಹೊಡೆಯಬಲ್ಲ. ಅವನ್ನು ಎಡಿಟರ್‌ನ ಪೈಲಾನ್ (ರೆಕ್ಕೆಯಡಿಯ ಆಯುಧ ಕೊಂಡಿ) ಆಯ್ಕೆಯಲ್ಲಿ ತೆಗೆದು, ಫಿರಂಗಿ ಮತ್ತು ಶ್ರೀಕರ್ ರಾಕೆಟ್‌ಗಳನ್ನು ಉಳಿಸಿದರೆ ಅವನು ಕೆಳಗಿಳಿದು ಹತ್ತಿರ ಬರಲೇಬೇಕಾಗುತ್ತದೆ. ಹೊಡೆತದ ಬಲ ಹೆಚ್ಚು ಕುಗ್ಗದಿದ್ದರೂ ಅಪಾಯ ಎರಡೂ ಕಡೆಗೆ ಹಂಚಿಹೋಗುತ್ತದೆ.

ತಿರುವುಮುರುವಾದ ದೋಷ

ಅತಿಯಾಗಿ ಸರಿಪಡಿಸಿದಾಗ ಪೈಲಟ್ ಹಾರಿದ ಮೊದಲ ನಿಮಿಷದಲ್ಲೇ ಉರುಳಿ, ಉಳಿದ ಹೊತ್ತೆಲ್ಲ ನೆಲೆಯಲ್ಲಿ ಕುಳಿತು ಬೇಸರಪಡುತ್ತಾನೆ. ಇದಕ್ಕೆ ಬಹುಪಾಲು ಕಾರಣ ಎಐ ನಡೆಸುವ ನಿರೋಧಕ ವಾಹನ. ಅದು ದಣಿಯುವುದಿಲ್ಲ, ಬೇರೆ ಕಡೆ ನೋಡುವುದಿಲ್ಲ, ಹೆದರುವುದಿಲ್ಲ. ನಿರೋಧಕ ಸ್ಥಾನಗಳಲ್ಲಿ ಮನುಷ್ಯರನ್ನೇ ಕೂರಿಸುವುದು ಒಳ್ಳೆಯದು. ಆ ಕೆಲಸ ಕದನದ ಬಹುಪಾಲು ಹೊತ್ತು ಬರಿದೇ ಆಕಾಶ ನೋಡುವುದಾದ್ದರಿಂದ ಒಬ್ಬರನ್ನೇ ಪ್ರತಿ ವಾರ ಅಲ್ಲಿ ಕೂರಿಸಬಾರದು.

ವಿಮಾನ ಬೇಡದ ರಾತ್ರಿಗಳು

ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಬದಿಗೆ ಎಂಟು ಮಂದಿಯಷ್ಟೇ ಉಳಿದ ರಾತ್ರಿ ಮೇಲಿನ ಯಾವ ಪರಿಹಾರವೂ ಕೆಲಸ ಮಾಡುವುದಿಲ್ಲ. ಎಂಟರಲ್ಲಿ ಒಬ್ಬ ಪೈಲಟ್ ಆಗಿ, ಇಬ್ಬರು ಆಕಾಶ ಕಾದರೆ ಊರು ಹಿಡಿಯಲು ಐವರು ಉಳಿಯುತ್ತಾರೆ, ಆ ಐವರೂ ಒಂದೇ ಸುತ್ತಿನ ದಾಳಿಗೆ ಮುಗಿಯಬಹುದು. ನಮ್ಮ ಅಂದಾಜಿನಲ್ಲಿ ಬದಿಗೆ ಹದಿನೈದು ಮಂದಿಯಾದರೂ ಇದ್ದಾಗ ಮಾತ್ರ ದಾಳಿ ವಿಮಾನ ಕೊಡುವುದು ಯುಕ್ತ. ಇದಕ್ಕಾಗಿ ಪ್ರತಿ ಮಿಷನ್‌ನ ಎರಡು ಪ್ರತಿಗಳನ್ನು ಮೊದಲೇ ಸರ್ವರ್‌ಗೆ ಏರಿಸಿಟ್ಟಿರಬೇಕು: ಒಂದರಲ್ಲಿ ದಾಳಿ ವಿಮಾನ, ಇನ್ನೊಂದರಲ್ಲಿ ಅದರ ಜಾಗಕ್ಕೆ ಸಾಗಾಟದ ಹೆಲಿಕಾಪ್ಟರ್. ಯಾವ ಪ್ರತಿ ಎಂಬುದನ್ನು ಎಲ್ಲರೂ ಲಾಬಿಗೆ ಬಂದ ಮೇಲೆ ತಲೆ ಎಣಿಸಿ ಎರಡೂ ತಂಡದ ಮುಖ್ಯಸ್ಥರು ಸೇರಿ ತೀರ್ಮಾನಿಸಬೇಕು, ಮತ್ತು ಕದನ ಶುರುವಾದ ಮೇಲೆ ಯಾರಾದರೂ ಹೊರಬಿದ್ದರೂ ಅದನ್ನು ನಡುವೆ ಬದಲಿಸಬಾರದು.